ಸಿಮಿಲಿ ಮತ್ತು ಮೆಟಫರ್

ಸಿಮಿಲಿ ಮತ್ತು ಮೆಟಫರ್ ಇಂಗ್ಲಿಷ್ ಸಾಹಿತ್ಯದಲ್ಲಿ ಹೋಲಿಕೆಯನ್ನು ಆಧರಿಸಿದ ಎರಡು ಅಲಂಕಾರಗಳು. ಒಂದು ವಸ್ತುವನ್ನು ಬೇರೊಂದು ಜಾತಿಯ ವಸ್ತುವಿಗೆ ವಾಚಕಪದದ ಮೂಲಕ ಹೋಲಿಸಿದರೆ ಸಿಮಿಲಿ. ವಾಚಕಪದವಿಲ್ಲದೆ ಅದೇ ಇದು ಎಂದು ಹೇಳಿದರೆ ಮೆಟಫರ್. ಶಾಲಾ ಪರೀಕ್ಷೆಗಳಲ್ಲಿ ಪದ್ಯದ ಸಾಲನ್ನು ಕೊಟ್ಟು ಅಲಂಕಾರವನ್ನು ಹೆಸರಿಸಲು ಕೇಳುವಾಗ ಹೆಚ್ಚು ಗೊಂದಲವಾಗುವುದು ಇವೆರಡರ ನಡುವೆಯೇ.

ಪದಮೂಲ
ಸಿಮಿಲಿ ಎಂಬುದು 'ಸದೃಶ' ಎಂಬರ್ಥದ ಲ್ಯಾಟಿನ್ ಪದ ಸಿಮಿಲಿಸ್‌ನಿಂದ ಬಂದಿದೆ. ಮೆಟಫರ್‌ನ ಮೂಲವಾದ ಗ್ರೀಕ್ ಪದಕ್ಕೆ 'ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುವುದು' ಎಂದರ್ಥ. ಅರಿಸ್ಟಾಟಲ್ ತನ್ನ ರೆಟರಿಕ್ ಗ್ರಂಥದಲ್ಲಿ ಸಿಮಿಲಿಯನ್ನೂ ಅಲ್ಪ ವ್ಯತ್ಯಾಸವುಳ್ಳ ಮೆಟಫರ್ ಎಂದೇ ಪರಿಗಣಿಸಿದ್ದಾನೆ. 1936ರಲ್ಲಿ ಐ. ಎ. ರಿಚರ್ಡ್ಸ್ ಮೆಟಫರ್‌ನ ಎರಡು ಅಂಗಗಳಿಗೆ ಟೆನರ್ ಮತ್ತು ವೆಹಿಕಲ್ ಎಂಬ ಹೆಸರುಗಳನ್ನಿತ್ತರು. ಇವು ಬಹುಮಟ್ಟಿಗೆ ನಮ್ಮ ಉಪಮೇಯ ಮತ್ತು ಉಪಮಾನಗಳೇ.

ಗುರುತಿಸುವ ಬಗೆ
'ಹೀ ಫಾಟ್ ಲೈಕ್ ಎ ಲಯನ್' ಎಂಬುದು ಸಿಮಿಲಿ, 'ಹೀ ವಾಸ್ ಎ ಲಯನ್ ಇನ್ ದ ಬ್ಯಾಟಲ್' ಎಂಬುದು ಮೆಟಫರ್. 'ಲೈಕ್' ಅಥವಾ 'ಆಸ್' ಕಂಡರೆ ಸಿಮಿಲಿ ಎಂಬ ಸೂತ್ರ ಮಾರ್ಗದರ್ಶಿಗಳಲ್ಲಿ ಸಾಮಾನ್ಯವಾಗಿದೆ. ಆದರೆ ಅದನ್ನೊಂದನ್ನೇ ನಂಬುವಂತಿಲ್ಲ. 'ಐ ಲೈಕ್ ಮ್ಯಾಂಗೋಸ್' ಎಂಬಲ್ಲಿ ಲೈಕ್ ಕ್ರಿಯಾಪದ. 'ಹೀ ವರ್ಕ್ಸ್ ಆಸ್ ಎ ಡ್ರೈವರ್' ಎಂಬಲ್ಲಿ ಆಸ್ ವೃತ್ತಿಯನ್ನು ಸೂಚಿಸುತ್ತದೆ. 'ಶೀ ಈಸ್ ಆಸ್ ಟಾಲ್ ಆಸ್ ಹರ್ ಸಿಸ್ಟರ್' ಎಂಬಲ್ಲಿ ಹೋಲಿಕೆಯೇನೋ ಇದೆ, ಆದರೆ ಅದು ಬರಿಯ ಎತ್ತರದ ಅಳತೆ; ಅಲಂಕಾರವಲ್ಲ. ಆದ್ದರಿಂದ ಹೋಲಿಸಿದ ಎರಡು ವಸ್ತುಗಳು ಭಿನ್ನ ಜಾತಿಯವೇ ಎಂಬುದನ್ನು ಮೊದಲು ನೋಡಬೇಕು.

ಒಂದೇ ಪದ್ಯದಲ್ಲಿ ಹಲವು ಅಲಂಕಾರಗಳಿರಬಹುದು. 1807ರಲ್ಲಿ ಪ್ರಕಟವಾದ, 'ಡ್ಯಾಫಡಿಲ್ಸ್' ಎಂದು ಪ್ರಸಿದ್ಧವಾದ ಕವಿತೆಯಲ್ಲಿ ವರ್ಡ್ಸ್‌ವರ್ತ್ ತನ್ನ ಅಲೆದಾಟವನ್ನು ಮೋಡಕ್ಕೆ ಹೋಲಿಸುವುದು ಸಿಮಿಲಿ. ಹೂಗಳು ನರ್ತಿಸುವುದಾಗಿ ವರ್ಣಿಸುವುದು ಪರ್ಸಾನಿಫಿಕೇಶನ್, ಅಂದರೆ ಮಾನವೀಕರಣ. ಕವಿತೆಯ ಹೆಸರನ್ನು ನೆನೆದು ಉತ್ತರಿಸದೆ, ಕೇಳಿದ ಸಾಲನ್ನೇ ನೋಡಿ ಉತ್ತರಿಸಬೇಕಾದುದು ಇದರಿಂದಾಗಿಯೇ.

ಕನ್ನಡ ಅಲಂಕಾರಗಳೊಂದಿಗೆ ಹೋಲಿಕೆ
ಕನ್ನಡದಲ್ಲಿ ಉಪಮೆ, ರೂಪಕ ಮೊದಲಾದ ಅರ್ಥಾಲಂಕಾರಗಳ ವಿವೇಚನೆ 9ನೆಯ ಶತಮಾನದ ಕವಿರಾಜಮಾರ್ಗದ ಮೂರನೆಯ ಪರಿಚ್ಛೇದದಲ್ಲಿಯೇ ದೊರೆಯುತ್ತದೆ. ಅದು ದಂಡಿಯ ಕಾವ್ಯಾದರ್ಶವನ್ನು ಬಹುವಾಗಿ ಅನುಸರಿಸಿದೆ. ಸಿಮಿಲಿ ಉಪಮಾಲಂಕಾರಕ್ಕೆ ಸರಿಹೊಂದುತ್ತದೆ. 'ಆಸ್ ಬ್ರೇವ್ ಆಸ್ ಎ ಲಯನ್' ಎಂಬಲ್ಲಿ ಸಮಾನಧರ್ಮವಾದ ಶೌರ್ಯ ಸ್ಪಷ್ಟವಾಗಿ ಉಕ್ತವಾಗಿದೆ. 'ಹರ್ ಫೇಸ್ ಈಸ್ ಲೈಕ್ ದ ಮೂನ್' ಎಂಬಲ್ಲಿ ಅದು ಲೋಪವಾಗಿರುವುದರಿಂದ ಲುಪ್ತೋಪಮೆ ಎನ್ನಬೇಕಾಗುತ್ತದೆ. ಇಂಗ್ಲಿಷಿನಲ್ಲಿ ಈ ಎರಡಕ್ಕೂ ಸಿಮಿಲಿ ಎಂಬ ಒಂದೇ ಹೆಸರು.

ಮೆಟಫರ್ ಎಂದರೆ ರೂಪಕ ಎಂಬ ಅನುವಾದ ಶಾಲಾ ಉದಾಹರಣೆಗಳ ಮಟ್ಟಿಗೆ ಸಾಕು. ಆದರೆ ರೂಪಕದಲ್ಲಿ ಉಪಮೇಯ, ಉಪಮಾನಗಳೆರಡೂ ಇದ್ದು ಅವುಗಳಿಗೆ ಅಭೇದವನ್ನು ಹೇಳಬೇಕು. ಉಪಮೇಯವನ್ನು ಹೇಳದೆ ಯೋಧನನ್ನು ಕುರಿತು 'ಸಿಂಹ ಬಂದಿತು' ಎಂದಷ್ಟೇ ಹೇಳಿದರೆ ನಮ್ಮ ಲಾಕ್ಷಣಿಕರು ಅದನ್ನು ರೂಪಕಾತಿಶಯೋಕ್ತಿ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಅದೂ ಮೆಟಫರ್. 'ಟೈಮ್ ಫ್ಲೈಸ್' ಎಂಬಂತೆ ಕ್ರಿಯಾಪದದಲ್ಲಿ ಅಡಗಿದ ಹೋಲಿಕೆಗೂ ಅದೇ ಹೆಸರು ಸಲ್ಲುತ್ತದೆ.