ಯೂನಿಕ್ಸ್ ಸ್ವಾಮ್ಯದ ವ್ಯಾಜ್ಯ: ಒಂದು ಕರಾರುಪತ್ರದ ವಿಚಾರ

ಅಮೆರಿಕದ ಯೂಟಾ ರಾಜ್ಯದ ಎಸ್‌ಸಿಒ ಗ್ರೂಪ್ ಎಂಬ ತಂತ್ರಾಂಶ ಸಂಸ್ಥೆಯು 2003ರ ಮಾರ್ಚ್ ತಿಂಗಳಲ್ಲಿ ಐಬಿಎಂ ಮೇಲೆ ದಾವೆ ಹೂಡಿತು. ಯೂನಿಕ್ಸಿನ ಗುಟ್ಟುಗಳನ್ನು ಪ್ರತಿವಾದಿಯು ಲಿನಕ್ಸಿಗೆ ಸೇರಿಸಿತೆಂಬುದು ಆಪಾದನೆ. ಮೊದಲು ಕೇಳಿದ ಪರಿಹಾರ 100 ಕೋಟಿ ಡಾಲರಿಗೆ ಕಡಮೆಯಿಲ್ಲ. ಲಿನಕ್ಸನ್ನು ಬಳಸುವ ಸಂಸ್ಥೆಗಳಿಂದಲೂ ಅದು ಪರವಾನಗಿ ಶುಲ್ಕವನ್ನು ಬೇಡಿತು.

ಇದನ್ನು ಬರಿಯ ಲೋಭದ ಕಥೆಯೆಂದು ಹೇಳಿ ಮುಗಿಸುವವರುಂಟು. ನಮಗೆ ಆ ಮಾತು ಸಮ್ಮತವಲ್ಲ. ಗಂಟು ಇರುವುದು 1995ರ ಕರಾರುಪತ್ರದಲ್ಲಿ. ನೊವೆಲ್ ಸಂಸ್ಥೆಯು ಯೂನಿಕ್ಸ್ ವ್ಯವಹಾರವನ್ನು ಸಾಂಟಾ ಕ್ರೂಜ್ ಆಪರೇಷನ್ನಿಗೆ ಮಾರಿದಾಗ, ಮಾರಾಟಕ್ಕೆ ಸೇರದ ಸ್ವತ್ತುಗಳ ಪಟ್ಟಿಯಲ್ಲಿ ಕೃತಿಸ್ವಾಮ್ಯಗಳನ್ನೆಲ್ಲ ಸೇರಿಸಲಾಗಿತ್ತು. 1996ರ ಎರಡನೆಯ ತಿದ್ದುಪಡಿಯಾದರೋ, ಕೊಂಡವರು ತಮ್ಮ ಹಕ್ಕನ್ನು ಚಲಾಯಿಸಲು ಅಗತ್ಯವಾದುವನ್ನು ಆ ಪಟ್ಟಿಯಿಂದ ಹೊರತುಪಡಿಸಿತು. ಅಗತ್ಯವಾದುವು ಯಾವುವು? ಪತ್ರವು ಅದನ್ನು ಹೇಳುವುದಿಲ್ಲ! 2001ರಲ್ಲಿ ಈ ವ್ಯವಹಾರವನ್ನು ಕೊಂಡ ಕಾಲ್ಡೆರಾ ಸಂಸ್ಥೆಯೇ ಮರುವರ್ಷ ಎಸ್‌ಸಿಒ ಎಂಬ ಹೆಸರನ್ನು ತಳೆಯಿತು. ಹೆಸರಿನೊಡನೆ ಈ ಸಂದಿಗ್ಧವೂ ಬಂದಿತು. ಮಾರಾಟಕಾಲದಲ್ಲಿ ನೊವೆಲಿನ ಮುಖ್ಯಸ್ಥರಾಗಿದ್ದ ರಾಬರ್ಟ್ ಫ್ರಾಂಕೆನ್‌ಬರ್ಗ್ ಅವರೇ ಸ್ವಾಮ್ಯವನ್ನೂ ಮಾರುವ ಉದ್ದೇಶವಿತ್ತೆಂದು ಸಾಕ್ಷ್ಯ ನುಡಿದುದು ಗಮನಾರ್ಹ.

2007ರ ಆಗಸ್ಟ್ 10ರಂದು ನ್ಯಾಯಾಧೀಶ ಡೇಲ್ ಕಿಂಬಲ್ ಅವರು ಸ್ವಾಮ್ಯವು ನೊವೆಲಿನದೆಂದು ತೀರ್ಮಾನಿಸಿದರು. ಮರುತಿಂಗಳೇ ಎಸ್‌ಸಿಒ ದಿವಾಳಿ ಕಾನೂನಿನ ರಕ್ಷಣೆ ಕೋರಿತು. 2009ರಲ್ಲಿ ಮೇಲ್ಮನವಿ ನ್ಯಾಯಾಲಯವು ಪ್ರಶ್ನೆಯನ್ನು ಜ್ಯೂರಿಗೆ ಬಿಟ್ಟಿತು. 2010ರ ಮಾರ್ಚ್ 30ರಂದು ಜ್ಯೂರಿಯೂ ನೊವೆಲಿನ ಪಕ್ಷವನ್ನೇ ಎತ್ತಿಹಿಡಿಯಿತು. ಐಬಿಎಂ ಮೇಲಿನ ದಾವೆ 2021ರಲ್ಲಿ 1 ಕೋಟಿ 42.5 ಲಕ್ಷ ಡಾಲರಿಗೆ ರಾಜಿಯಾಯಿತು. ಆ ಹಣವನ್ನು ಪಡೆದವರು ದಿವಾಳಿಯಾದ ಸಂಸ್ಥೆಯ ಆಸ್ತಿಯನ್ನು ನೋಡಿಕೊಳ್ಳುತ್ತಿದ್ದ ನ್ಯಾಸಧಾರಿಗಳು.