ಹಾಳೆ 56ಸಿ: ಆಳಂದ, ಅಫಜಲಪುರ, ಜೇವರ್ಗಿ ನಕ್ಷೆಗೆ ಬಂದ ಬಗೆ

ಸರ್ವೆ ಆಫ್ ಇಂಡಿಯಾದ ಹಳೆಯ ನಕ್ಷೆಗಳ ಸಾಲಿನಲ್ಲಿ 56ಸಿ ಎಂಬ ಹಾಳೆಯೊಂದಿದೆ. ಉತ್ತರ ಅಕ್ಷಾಂಶ 17ರಿಂದ 18, ಪೂರ್ವ ರೇಖಾಂಶ 76ರಿಂದ 77 ಡಿಗ್ರಿ ಅದರ ಎಲ್ಲೆ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಊರುಗಳು ಅದರಲ್ಲೇ ಸಿಗುತ್ತವೆ. ಕಲಬುರಗಿ, ಅಕ್ಕಲಕೋಟೆ, ದೇವಲ ಗಾಣಗಾಪುರವೂ ಅಲ್ಲೇ ಇವೆ. ಜೇವರ್ಗಿ ಮಾತ್ರ ತೆಂಕಣ ಅಂಚಿಗೆ ತಾಗಿದಂತಿದ್ದು, ಅಲ್ಲಿಂದ ಸುರಪುರದ ಕಡೆ ಹೊರಟವನಿಗೆ 56ಡಿ ಹಾಳೆಯೂ ಬೇಕಾಗುತ್ತದೆ. ಒಂದು ಸೆಂಟಿಮೀಟರಿಗೆ ಎರಡೂವರೆ ಕಿ.ಮೀ. ಲೆಕ್ಕದ ಈ ಹಾಳೆಯ ಮೇಲೆ ಆಳಂದದಿಂದ ಜೇವರ್ಗಿಗೆ ಒಂದು ಗೇಣಿಗಿಂತ ತುಸು ಹೆಚ್ಚು ದೂರ. ಇಷ್ಟು ಚೊಕ್ಕವಾಗಿ ಬರೆದಿಟ್ಟ ನಕ್ಷೆಯನ್ನು ಈ ಮೂರು ತಾಲೂಕುಗಳ ಎಷ್ಟು ಮಂದಿ ದಾರಿ ಹುಡುಕಲು ಬಿಚ್ಚಿ ನೋಡಿದ್ದಾರೆ? ಎಂಜಿನಿಯರರು, ಭೂವಿಜ್ಞಾನದ ವಿದ್ಯಾರ್ಥಿಗಳು, ನೀರಾವರಿ ಇಲಾಖೆಯವರು ನೋಡಿದ್ದಾರೆ. ದಾರಿಹೋಕರು ನೋಡಿದ್ದು ಅಪರೂಪ. ನಕ್ಷೆ ಯಾರಿಗಾಗಿ ಬರೆದದ್ದು ಎಂಬ ಪ್ರಶ್ನೆ ಹಿಡಿದು ಹೊರಟರೆ ಈ ವಿದ್ಯೆ ನಮ್ಮ ಸೀಮೆಯಲ್ಲಿ ಬೆಳೆದ ಕಥೆ ಸ್ಪಷ್ಟವಾಗುತ್ತದೆ.

ನಕ್ಷೆಗಿಂತ ಮೊದಲೇ ನೆಲದ ಲೆಕ್ಕ ಇತ್ತು. ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳು ದತ್ತಿ ಬಿಟ್ಟ ಭೂಮಿಯನ್ನು ಇಂಥ ಗಳೆಯಲ್ಲಿ, ಅಂದರೆ ಅಳತೆಗೋಲಿನಲ್ಲಿ, ಇಷ್ಟು ಮತ್ತರು ಎಂದು ಅಳೆದು ಹೇಳುತ್ತವೆ. ಮೂಡಲು, ತೆಂಕಲು, ಪಡುವಲು, ಬಡಗಲು ಯಾವ ಕಲ್ಲು, ಯಾವ ಹಳ್ಳ, ಯಾರ ಹೊಲ ಎಂದು ಎಲ್ಲೆ ಗುರುತಿಸುತ್ತವೆ. ಅದು ಚಿತ್ರವಿಲ್ಲದ ನಕ್ಷೆ. ದಾರಿಯ ಮಾತಂತೂ ಬಾಯಿಂದ ಬಾಯಿಗೆ ಬಂದದ್ದು. ಇವತ್ತಿಗೂ ಅಫಜಲಪುರದ ಯಾವುದೇ ಹಳ್ಳಿಯಲ್ಲಿ ಕೇಳಿ ನೋಡಿ: "ಸೀದಾ ಹೋಗ್ರಿ ಯಣ್ಣಾ, ಅಗಸಿ ದಾಟಿದ ಮ್ಯಾಲ ಬೇವಿನ ಗಿಡ ಬರ್ತದ, ಅಲ್ಲಿ ಬಲಕ್ಕ ಹೊಳ್ರಿ, ಅಲ್ಲಿಂದ ಕೂಗಳತಿ ದೂರ ಅದ." ಈ ಉತ್ತರದಲ್ಲಿ ಗುರುತಿದೆ, ತಿರುವಿದೆ, ದೂರವೂ ಇದೆ. ನಕ್ಷೆ ಮಾಡುವವರು ಇಷ್ಟನ್ನೇ ಬೇರೆ ಉಪಕರಣಗಳಿಂದ ಸಾಧಿಸಲು ಇನ್ನೂರು ವರ್ಷ ದುಡಿದಿದ್ದಾರೆ.

ಆಗ ಈ ಊರುಗಳಿದ್ದ ನಿಜಾಮರ ಸೀಮೆಗೆ ಆಧುನಿಕ ಅಳತೆ ಬಂದದ್ದು ದಂಡಿನ ಬೆನ್ನಿಗೆ. 1790ರ ದಶಕದಲ್ಲಿ ಕಾಲಿನ್ ಮೆಕೆಂಜಿ ನಿಜಾಮನ ರಾಜ್ಯದಲ್ಲಿದ್ದ ಕಂಪನಿ ಸೈನ್ಯದ ಜೊತೆಗಿದ್ದು ಇಲ್ಲಿನ ದಾರಿ, ನದಿ, ಕೋಟೆಗಳ ನಕ್ಷೆ ಮಾಡಿದ. ಶಾಸನಗಳನ್ನೂ ಊರುಗಳ ಹಳೆಯ ವೃತ್ತಾಂತಗಳಾದ ಕೈಫಿಯತ್ತುಗಳನ್ನೂ ಕೂಡಿಹಾಕಿದ ಅದೇ ಮೆಕೆಂಜಿ 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದ. ಅದೇ ವರ್ಷ ವಿಲಿಯಂ ಲ್ಯಾಂಬ್ಟನ್, ಆಳಂದದಿಂದ ಈಶಾನ್ಯಕ್ಕೆ ನೂರು ಕಿ.ಮೀ.ಗೂ ಆಚೆ, ಬೀದರ ಸೀಮೆಯ ದಾಮರಗಿದ್ದ ಎಂಬಲ್ಲಿ ಒಂದು ಆಧಾರರೇಖೆ ಅಳೆದ. 1802ರಲ್ಲಿ ಮದ್ರಾಸಿನಲ್ಲಿ ಶುರುವಾದ ಮಹಾ ತ್ರಿಕೋನಮಿತಿ ಸರ್ವೆಯ ಸರಪಳಿ ಹೀಗೆ ನಮ್ಮ ಮಗ್ಗುಲಿಗೆ ಬಂತು. ನೆಲದ ಮೇಲೆ ಒಂದೇ ಒಂದು ಗೆರೆಯನ್ನು ಅತಿ ಎಚ್ಚರದಿಂದ ಅಳೆಯುವುದು, ಆ ಗೆರೆಯ ಎರಡು ತುದಿಗಳಿಂದ ದೂರದ ಗುಡ್ಡವೊಂದಕ್ಕೆ ಕೋನ ಹಿಡಿಯುವುದು, ಉಳಿದ ಎರಡು ಭುಜಗಳನ್ನು ಲೆಕ್ಕದಿಂದ ತೆಗೆಯುವುದು: ಇದು ಅದರ ಕ್ರಮ. ಗುಡ್ಡದಿಂದ ಗುಡ್ಡಕ್ಕೆ ತ್ರಿಕೋನಗಳು ಬೆಳೆದವು. ಲ್ಯಾಂಬ್ಟನ್ 1823ರಲ್ಲಿ ತೀರಿಕೊಂಡ ಮೇಲೆ ಜಾರ್ಜ್ ಎವರೆಸ್ಟ್ ಕೆಲಸ ಮುಂದುವರಿಸಿದ. 1841ರಲ್ಲಿ ಬೀದರದ ಗೆರೆಯನ್ನು ಹೊಸ ಉಪಕರಣಗಳಿಂದ ಮತ್ತೊಮ್ಮೆ ಅಳೆಯಲಾಯಿತು. ಭೂಮಿಯ ಆಕಾರಕ್ಕೆ ಎವರೆಸ್ಟ್ 1830ರಲ್ಲಿ ಕೊಟ್ಟ ಲೆಕ್ಕವೇ ಭಾರತದ ನಕ್ಷೆಗಳಿಗೆಲ್ಲ ತಳಹದಿಯಾಯಿತು. ಈ ವಿವರ ಇಂದಿಗೂ ಕೆಲಸಕ್ಕೆ ಬರುವಂಥದು. ಜಿಪಿಎಸ್ ಬಳಸುವುದು 1984ರ ಬೇರೆ ಲೆಕ್ಕವನ್ನು. ಹಾಗಾಗಿ ಹಳೆಯ ಹಾಳೆಯ ಅಕ್ಷಾಂಶ ರೇಖಾಂಶಗಳನ್ನು ಹಾಗೆಯೇ ಫೋನಿಗೆ ಕೊಟ್ಟರೆ ನಮ್ಮ ಭಾಗದಲ್ಲಿ ನೂರು ಮೀಟರಿಗೂ ಹೆಚ್ಚು ದೂರದ ಜಾಗ ತೋರಿಸುತ್ತದೆ.

ಜೇವರ್ಗಿಗೆ ಇನ್ನೊಬ್ಬ ಅಳತೆಗಾರ ಬಂದಿದ್ದ. ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡಿದ್ದ ಫಿಲಿಪ್ ಮೆಡೋಸ್ ಟೇಲರ್ 1850ರ ಆಸುಪಾಸಿನಲ್ಲಿ ಜೇವರ್ಗಿ ಬಳಿಯ ಶಿಲಾಸಮಾಧಿಗಳನ್ನು ಅಗೆಸಿ, ಅಳೆದು, ಚಿತ್ರ ಬರೆದು ಪ್ರಕಟಿಸಿದ. ದಾರಿಯ ನಕ್ಷೆಯಲ್ಲ ನಿಜ, ಆದರೆ ಈ ಸೀಮೆಯ ಒಂದು ಸ್ಥಳವನ್ನು ಅದರದೇ ಸಲುವಾಗಿ, ತೆರಿಗೆಯ ಆಸೆಯಿಲ್ಲದೆ ಅಳೆದ ಮೊದಮೊದಲ ಕೆಲಸಗಳಲ್ಲಿ ಅದೂ ಒಂದು.

ಮಿಕ್ಕ ಅಳತೆಯೆಲ್ಲ ತೆರಿಗೆಯದೇ. ಸಾಲಾರ್ ಜಂಗ್‌ನ ಕಾಲದಲ್ಲಿ ಹೈದರಾಬಾದ್ ಸಂಸ್ಥಾನ ಜಿಲ್ಲೆಗಳಾಗಿ ವಿಂಗಡವಾಯಿತು. ಆ ಬಳಿಕ ಮುಂಬೈ ಪ್ರಾಂತದ ಪದ್ಧತಿಯನ್ನು ಅನುಸರಿಸಿ ಹೊಲಗಳ ಮೋಜಣಿ ನಡೆಯಿತು. 33 ಅಡಿಯ ಸರಪಳಿ, ಅದರಲ್ಲಿ 16 ಆಣೆ. ಒಂದು ಸರಪಳಿ ಉದ್ದ ಒಂದು ಸರಪಳಿ ಅಗಲದ ನೆಲ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಹೊಲದ ಮೂಲೆಗಳಿಗೆ ಬಾಂದು ಕಲ್ಲು ನೆಟ್ಟರು, ಪ್ರತಿ ಹೊಲಕ್ಕೆ ಸರ್ವೆ ನಂಬರ್ ಕೊಟ್ಟರು, ಊರಿಗೊಂದು ನಕಾಶೆ ಬರೆದರು. ನನ್ನ ಮಟ್ಟಿಗೆ ನಮ್ಮ ನೆಲದ ಅತ್ಯಂತ ಶ್ರೀಮಂತ ನಕ್ಷೆ ಈ ಊರ ನಕಾಶೆಯೇ. ಗಾಡಿ ದಾರಿ, ಕಾಲುದಾರಿ, ಹಳ್ಳ, ಬಾವಿ, ಕೆರೆ ಎಲ್ಲ ಅದರಲ್ಲಿವೆ. ಹೊಲಕ್ಕೆ ಹೋಗುವ ಹಾದಿಯನ್ನು ಯಾರಾದರೂ ಒತ್ತಿ ಉತ್ತರೆ ತಹಶೀಲ್ದಾರರ ಮುಂದೆ ಇಂದಿಗೂ ಬಿಚ್ಚುವುದು ಅದನ್ನೇ. ಆದರೆ ಅದು ಊರಿನ ಎಲ್ಲೆಗೆ ನಿಂತುಬಿಡುತ್ತದೆ. ಪಕ್ಕದ ಊರಿನ ಹಾದಿ ಪಕ್ಕದ ಊರಿನ ಹಾಳೆಯಲ್ಲಿ. ಪರಊರಿಗೆ ಹೊರಟವನ ಕೈಗೆ ಅದು ಬರುವಂಥದಾಗಿರಲಿಲ್ಲ.

ಪರಸ್ಥಳದವರು ಈ ಸೀಮೆಗೆ ಬಾರದೆ ಇದ್ದದ್ದಲ್ಲ. ಮುಂಬೈ ಕಡೆಯ ರೈಲು 1871ರಲ್ಲಿ ರಾಯಚೂರು ಮುಟ್ಟಿದ ಮೇಲೆ ಗಾಣಗಾಪುರದ ದತ್ತನ ದರ್ಶನಕ್ಕೆ ಮಹಾರಾಷ್ಟ್ರದ ಭಕ್ತರಿಗೆ ಹಾದಿ ಸುಲಭವಾಯಿತು. ಆದರೆ ಗಾಣಗಾಪುರ ರೋಡ್ ಎಂಬ ನಿಲ್ದಾಣ ಬೇರೆ, ಭೀಮಾ ಅಮರ್ಜಾ ಸಂಗಮದ ದೇವಲ ಗಾಣಗಾಪುರ ಬೇರೆ. ನಡುವೆ ಇಪ್ಪತ್ತು ಕಿ.ಮೀ. ಆಸುಪಾಸು ಅಂತರ. ಹೆಸರು ನಂಬಿ ಇಳಿದವರಿಗೆ ಉಳಿದ ದೂರ ಸವೆಸಲು ನೆರವಾದವರು ಗಾಡಿಯವರು, ಆಮೇಲೆ ಬಸ್ಸಿನವರು, ಈಗ ಟಂಟಂನವರು. ಆಳಂದದ ಲಾಡ್ಲೆ ಮಶಾಯಿಕ್ ದರ್ಗಾಕ್ಕೆ ಬರುವವರದೂ ಇದೇ ಬಗೆ: ಕೇಳುತ್ತ ಬಂದರು, ಕೇಳುತ್ತ ಹೋದರು. 1972ರ ಆಗಸ್ಟ್ 15ರಂದು ಪಿನ್‌ಕೋಡ್ ಬಂದಾಗ ಟಪಾಲಿಗೆ 585ರಿಂದ ಶುರುವಾಗುವ ಗುರುತು ಸಿಕ್ಕಿತು. ಅದರಿಂದ ಪತ್ರ ಊರು ಮುಟ್ಟಿತು. ಮನೆ ಮುಟ್ಟಿಸುವವನು ಅಂಚೆಯಣ್ಣನೇ.

ಈ ಕಥೆ ತಿರುಗಿದ್ದು ಆಕಾಶದಿಂದ. ಅಮೆರಿಕ ಜಿಪಿಎಸ್‌ನ ಮೊದಲ ಉಪಗ್ರಹ ಹಾರಿಸಿದ್ದು 1978ರಲ್ಲಿ. ವ್ಯವಸ್ಥೆ ಪೂರ್ಣವಾದದ್ದು 1995ರಲ್ಲಿ. ಅದೂ ದಂಡಿಗಾಗಿಯೇ ಹುಟ್ಟಿದ್ದು. ಸಾರ್ವಜನಿಕರಿಗೆ ಸಿಗುವ ಸಂಕೇತವನ್ನು ಬೇಕೆಂದೇ ಕೆಡಿಸಿ ನೂರು ಮೀಟರಿನಷ್ಟು ತಪ್ಪು ಬರುವಂತೆ ಇಟ್ಟಿದ್ದರು. 2000ದ ಮೇ ತಿಂಗಳ ಆರಂಭದಲ್ಲಿ ಆ ತಡೆ ತೆಗೆದರು. ಅಂಗೈಯ ಯಂತ್ರ ರಸ್ತೆಯ ಈ ಬದಿ ಆ ಬದಿಯನ್ನು ಹೇಳುವಷ್ಟು ಹತ್ತಿರ ಬರಲು ಈ ನಿರ್ಧಾರ ದೊಡ್ಡ ಕಾರಣ. ಇದರ ಒಳಗುಟ್ಟು ಗಡಿಯಾರದಲ್ಲಿದೆ. ಸುಮಾರು 20,200 ಕಿ.ಮೀ. ಎತ್ತರದ ಉಪಗ್ರಹ ತಾನು ಎಲ್ಲಿದ್ದೇನೆ, ಈಗ ಸಮಯವೆಷ್ಟು ಎಂದು ಸದಾ ಸಾರುತ್ತದೆ. ಆ ಸಾರಿಕೆ ಎಷ್ಟು ತಡವಾಗಿ ಬಂತೆಂದು ಫೋನು ಲೆಕ್ಕ ಹಾಕಿ ದೂರ ತಿಳಿಯುತ್ತದೆ. ಮೂರು ದೂರಗಳಿಂದ ಜಾಗ. ಫೋನಿನ ಅಗ್ಗದ ಗಡಿಯಾರದ ತಪ್ಪು ತಿದ್ದಲು ನಾಲ್ಕನೆಯ ಉಪಗ್ರಹ. ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ತಪ್ಪಿದರೆ ನೆಲದ ಮೇಲೆ 300 ಮೀಟರು ತಪ್ಪುತ್ತದೆ. ಲ್ಯಾಂಬ್ಟನ್ ಕೋನ ಹಿಡಿದ, ಉಪಗ್ರಹ ಕಾಲ ಹಿಡಿಯುತ್ತದೆ. ಗುಡ್ಡದ ಬದಲು ಆಕಾಶದಲ್ಲಿ ಓಡಾಡುವ ಗುರುತುಗಳು.

ಭಾರತದ ಸ್ವಂತ ವ್ಯವಸ್ಥೆಯ ಮೊದಲ ಉಪಗ್ರಹ 2013ರ ಜುಲೈ 1ರಂದು ಏರಿತು. ಏಳನೆಯದು 2016ರ ಏಪ್ರಿಲ್ 28ರಂದು ಏರಿದಾಗ ಅದಕ್ಕೆ ನಾವಿಕ್ ಎಂಬ ಹೆಸರಾಯಿತು. ಇದರ ಸಂಚಾರ ಕೇಂದ್ರ ಬೆಂಗಳೂರಿನ ಬಳಿಯ ಬ್ಯಾಲಾಳುವಿನಲ್ಲಿದೆ. 2023ರ ಮೇ 29ರಂದು ಹಾರಿದ ಎನ್‌ವಿಎಸ್–01ರಲ್ಲಿ ನಮ್ಮಲ್ಲೇ ಮಾಡಿದ ಪರಮಾಣು ಗಡಿಯಾರವಿದೆ. ಹಳೆಯ ಉಪಗ್ರಹಗಳ ಆಮದು ಗಡಿಯಾರಗಳು ಕೆಟ್ಟು ಕಾಡಿದ್ದನ್ನು ನೆನೆದರೆ ಇದು ಸಣ್ಣ ಸಾಧನೆಯಲ್ಲ.

ಉಪಗ್ರಹ ಹೇಳುವುದು ನೀನು ಎಲ್ಲಿದ್ದೀಯ ಎಂದಷ್ಟೇ. ಸುತ್ತ ಏನಿದೆ ಎಂದು ಹೇಳಲು ನಕ್ಷೆ ಬೇಕು. 1995ರಲ್ಲಿ ಶುರುವಾದ ಮ್ಯಾಪ್‌ಮೈಇಂಡಿಯಾ, 2004ರ ಓಪನ್‌ಸ್ಟ್ರೀಟ್‌ಮ್ಯಾಪ್, 2005ರ ಗೂಗಲ್ ಮ್ಯಾಪ್ಸ್, 2009ರಲ್ಲಿ ಇಸ್ರೊ ತೆರೆದ ಭುವನ್ ಈ ಕೊರತೆ ತುಂಬುತ್ತ ಬಂದವು. ನಮ್ಮವರ ಬದುಕಿಗೆ ಇದು ಹತ್ತಿದ್ದು ಪರಊರಿನಲ್ಲಿ. ತೊಗರಿ ರಾಶಿ ಮುಗಿದ ಮೇಲೆ ಈ ತಾಲೂಕುಗಳಿಂದ ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರಿಗೆ ಗುಳೆ ಹೋಗುವವರು ಬಹಳ. ಮೊದಲೆಲ್ಲ ಊರವರೊಬ್ಬರು ಸ್ಟೇಷನ್ನಿಗೆ ಬಂದು ಕರೆದೊಯ್ಯಬೇಕಿತ್ತು. ವಿಳಾಸದ ಚೀಟಿಯನ್ನು ಕಂಡವರ ಮುಂದೆಲ್ಲ ಹಿಡಿಯಬೇಕಿತ್ತು. ಈಗ "ಲೊಕೇಶನ್ ಕಳಸು" ಎಂಬ ಒಂದು ಮಾತಿನಲ್ಲಿ ಕೆಲಸ ಮುಗಿಯುತ್ತದೆ. ಓದು ಬಾರದ ಗೌಂಡಿಯೂ ನೀಲಿ ಚುಕ್ಕೆಯ ಹಿಂದೆ ನಡೆದು ಕೆಲಸದ ಜಾಗ ಮುಟ್ಟುತ್ತಾನೆ. 2018ರಲ್ಲಿ ಗೂಗಲ್ ಮ್ಯಾಪ್ಸ್ ಕನ್ನಡದಲ್ಲಿ ದಾರಿ ಹೇಳತೊಡಗಿದ್ದು ಕಾರು ಓಡಿಸುವ, ಸಾಮಾನು ಮುಟ್ಟಿಸುವ ನಮ್ಮ ಹುಡುಗರಿಗೆ ದೊಡ್ಡ ಆಸರೆ. ಇನ್ನೂರು ವರ್ಷ ದಂಡಿಗೂ ತೆರಿಗೆಗೂ ದುಡಿದ ವಿದ್ಯೆ ಕಡೆಗೂ ನಡೆಯುವವನ ಕೈಗೆ ಬಂದದ್ದು ಇಲ್ಲೇ, ಮತ್ತು ಇದನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಊರಿನ ಕಡೆ ತಿರುಗಿದರೆ ಲೆಕ್ಕ ಬೇರೆ. ಹೊಲದ ಮಟ್ಟಿಗೆ ಒಂದು ಒಳ್ಳೆಯ ಕೆಲಸ ಆಗಿದೆ: ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರ 2018ರಲ್ಲಿ ತಂದ ದಿಶಾಂಕ್ ಆ್ಯಪ್, ನಿಂತ ಜಾಗದ ಸರ್ವೆ ನಂಬರ್ ಹೇಳುತ್ತದೆ. ಆ ಹಳೆಯ ಊರ ನಕಾಶೆಗಳು ಅದರಲ್ಲಿ ಒಂದಕ್ಕೊಂದು ಜೋಡಿಕೊಂಡಿವೆ. ಆದರೆ ಹೆಸರುಗಳ ಗೊಂದಲ ತೀರಿಲ್ಲ. ನಮ್ಮಲ್ಲಿ ಒಂದೇ ಹೆಸರಿನ ಜೋಡಿ ಊರುಗಳಿಗೆ ಖುರ್ದ್, ಬುದ್ರುಕ್ ಎಂದು ಸೇರಿಸಿ ಕೆ., ಬಿ. ಎಂದು ಬರೆಯುವ ರೂಢಿ. ಅಫಜಲಪುರ ತಾಲೂಕಿನ ಗೊಬ್ಬೂರ (ಬಿ) ಹುಡುಕುವವರು ಆ ಒಂದು ಅಕ್ಷರ ಬಿಟ್ಟರೆ ಬೇರೆ ಊರಿಗೆ ಹೊರಟಾರು. 2021ರಿಂದ ಗೂಗಲ್ ಸ್ಥಳನಾಮಗಳನ್ನು ಯಂತ್ರದಿಂದ ಭಾರತೀಯ ಲಿಪಿಗಳಿಗೆ ತಿರುಗಿಸುತ್ತಿದೆ. ರೋಮನ್ ಲಿಪಿಯಲ್ಲಿ ಲಕಾರ ಳಕಾರಗಳ ಭೇದವಿಲ್ಲ. ಆ ಹಾದಿಯಲ್ಲಿ ಬಂದ ಆಳಂದ ಸರಿಯಾಗಿ ಆಳಂದವಾಗಿಯೇ ಉಳಿಯಲು ಕನ್ನಡ ಬಲ್ಲವರೇ ತಿದ್ದಬೇಕು.

ಹೆಸರಿಗಿಂತ ಗಂಭೀರವಾದದ್ದು ದಾರಿಯ ತೂಕ. ಫೋನು ದಾರಿ ಹುಡುಕುವ ಬಗೆಗೆ ಮೂಲ ಎಡ್ಸ್‌ಗರ್ ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ ಗಣಿತ. ಪ್ರತಿ ರಸ್ತೆ ತುಂಡಿಗೂ ಒಂದು ತೂಕ, ಅಂದರೆ ದಾಟಲು ಹಿಡಿಯುವ ಹೊತ್ತು. ತೂಕದ ಮೊತ್ತ ಎಲ್ಲಿ ಕಡಿಮೆಯೋ ಅದೇ ದಾರಿ. ಗಣಿತದಲ್ಲಿ ದೋಷವಿಲ್ಲ. ಆದರೆ ಎರಿ ಭೂಮಿಯ ಹೊಲದ ದಾರಿ ಬೇಸಿಗೆಯಲ್ಲಿ ಹತ್ತು ನಿಮಿಷದ್ದು, ಒಂದು ಹದ ಮಳೆ ಬಿದ್ದರೆ ಬೈಕಿನ ಗಾಲಿಗೆ ಮಣ್ಣು ಮೆತ್ತಿ ದಾರಿಯೇ ಇಲ್ಲ. ಎರಡಕ್ಕೂ ಒಂದೇ ತೂಕ ಕೊಟ್ಟ ನಕ್ಷೆ ಪರಸ್ಥಳದವರನ್ನು ಕೆಸರಿಗೆ ಕಳಿಸುತ್ತದೆ. ದಟ್ಟಣೆಯ ಲೆಕ್ಕ ಓಡಾಡುವ ಫೋನುಗಳಿಂದ ಬರುತ್ತದೆ. ಫೋನುಗಳೇ ವಿರಳವಾದ ಹಾದಿಯಲ್ಲಿ ಆ ಲೆಕ್ಕ ಕುರುಡು. 2020ರ ಅಕ್ಟೋಬರದಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲೂಕುಗಳ ದಂಡೆಯ ಊರುಗಳಿಗೆ ನುಗ್ಗಿದಾಗ ಇದು ಜೀವದ ಪ್ರಶ್ನೆಯಾಗಿತ್ತು. ಯಾವ ಸೇತುವೆ ಮೊದಲು ಮುಳುಗುತ್ತದೆ, ಸೊನ್ನ ಬ್ಯಾರೇಜಿನಿಂದ ನೀರು ಬಿಟ್ಟರೆ ಯಾವ ರಸ್ತೆ ಬಿಡಬೇಕು ಎಂಬುದು ದಂಡೆಯ ಮಂದಿಗೆ ಗೊತ್ತಿದೆ. ಹೊರಗಿನಿಂದ ಬಂದ ಲಾರಿಯವನಿಗೆ, ಆಂಬ್ಯುಲೆನ್ಸ್ ಚಾಲಕನಿಗೆ ಗೊತ್ತಿಲ್ಲ.

ಮುಂದಿನ ಹೆಜ್ಜೆಗೆ ಬೇಕಾದ ಸಾಧನಗಳು ಕೈಯಲ್ಲೇ ಇವೆ. 2021ರ ಫೆಬ್ರುವರಿಯಲ್ಲಿ ನಕ್ಷೆಗಳ ಬಗ್ಗೆ ಕೇಂದ್ರ ಸರ್ಕಾರದ ಮಾರ್ಗಸೂಚಿ ಬಂದ ಮೇಲೆ ಭಾರತೀಯರು ನಕ್ಷೆ ಮಾಡಲು ಮೊದಲಿನಷ್ಟು ಅನುಮತಿ ಬೇಡಬೇಕಿಲ್ಲ. 2025ರ ಮೇ ತಿಂಗಳಲ್ಲಿ ಅಂಚೆ ಇಲಾಖೆ ತಂದ ಡಿಜಿಪಿನ್, ದೇಶವನ್ನು ಸುಮಾರು ನಾಲ್ಕು ಮೀಟರ್ ಚೌಕಗಳಾಗಿ ಹಂಚಿ ಪ್ರತಿ ಚೌಕಕ್ಕೆ ಹತ್ತು ಅಕ್ಷರದ ಗುರುತು ಕೊಟ್ಟಿದೆ. ಬೀದಿ ಹೆಸರಿಲ್ಲದ ಓಣಿಯ ಮನೆಗೂ ಈಗ ವಿಳಾಸವುಂಟು. ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ರಸ್ತೆಯ ಮೈ ಮಣ್ಣೋ ಡಾಂಬರೋ, ನೀರು ನುಗ್ಗುವ ಜಾಗವೋ, ಊರಿನ ಕನ್ನಡ ಹೆಸರೇನು ಎಂದು ಯಾರು ಬೇಕಾದರೂ ತುಂಬಬಹುದು. ಆಳಂದ ತಾಲೂಕಿನ ಕಡಗಂಚಿಯಲ್ಲೇ 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಹಲವು ರಾಜ್ಯಗಳಿಂದ ಬಂದು ಇದೇ ದಾರಿಗಳನ್ನು ಹೊಸದಾಗಿ ಕಲಿಯುವ ವಿದ್ಯಾರ್ಥಿಗಳು ಅಲ್ಲಿದ್ದಾರೆ. ಗ್ರಾಮ ಪಂಚಾಯಿತಿಯವರು, ಗ್ರಾಮ ಆಡಳಿತ ಅಧಿಕಾರಿಗಳು, ಈ ವಿದ್ಯಾರ್ಥಿಗಳು ಒಂದೆಡೆ ಕೂತು ದಂಡೆಯ ಹಿರಿಯರನ್ನು ಕೇಳಿ ಬರೆದುಕೊಂಡರೆ ಬಹಳಷ್ಟು ಆದೀತು. ಎಲ್ಲ ಒಂದೇ ಸಲ ಆಗದಿದ್ದರೆ ಮೊದಲು ಭೀಮೆಯ ಮೇಲಿನ ತಗ್ಗು ಸೇತುವೆಗಳನ್ನು ಹಿಡಿಯಬೇಕು: ಪ್ರತಿಯೊಂದರ ಹೆಸರು, ಎರಡು ದಂಡೆಯ ಊರು, ನೀರು ಬಂದಾಗ ಸುತ್ತಿ ಹೋಗುವ ದಾರಿ. ಮಿರ್ಗದ ಮಳೆ ಶುರುವಾಗುವ ಮೊದಲು ಮುಗಿಸಬಹುದಾದ ಕೆಲಸ ಇದು.