ವೋಗಲ್‌ಸ್ಟೈನ್, ಬರ್ಟ್

ಕ್ಯಾನ್ಸರ್ ಗಡ್ಡೆಗಳ ಜೀನ್‌ಗಳಲ್ಲಿ ಆಗುವ ಉತ್ಪರಿವರ್ತನೆಗಳನ್ನು ಗುರುತಿಸಿ, ಅವು ಒಂದರ ಮೇಲೊಂದು ಸೇರಿಕೊಳ್ಳುವ ಬಗೆಯನ್ನು ತೋರಿಸಿಕೊಟ್ಟ ಅಮೆರಿಕದ ವೈದ್ಯವಿಜ್ಞಾನಿ. ಜನನ 1949, ಬಾಲ್ಟಿಮೋರ್. ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿ ಗಣಿತ ಓದಿ, 1974ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನಿಂದ ವೈದ್ಯಪದವಿ ಪಡೆದರು. ಸಂಶೋಧನೆಯೂ ಅಲ್ಲಿಯೇ ನಡೆಯಿತು.

ಇವರು ಆರಿಸಿಕೊಂಡದ್ದು ದೊಡ್ಡ ಕರುಳಿನ ಕ್ಯಾನ್ಸರ್. ಸಣ್ಣ ಪಾಲಿಪ್‌ನಿಂದ ಹಿಡಿದು ಹರಡುವ ಗಡ್ಡೆಯವರೆಗೆ ಪ್ರತಿ ಹಂತದ ಅಂಗಾಂಶವೂ ದೊರೆಯುವ ಈ ಕಾಯಿಲೆ ಸಂಶೋಧನೆಗೆ ತಕ್ಕ ಆಯ್ಕೆಯಾಗಿತ್ತು. ರಾಸ್ ಜೀನ್‌ನ ಉತ್ಪರಿವರ್ತನೆ, 5, 17 ಮತ್ತು 18ನೆಯ ವರ್ಣತಂತುಗಳ ಭಾಗಗಳ ನಷ್ಟ ಇವೆಲ್ಲ ರೋಗ ಬಲಿತಂತೆ ಕೂಡಿಬರುತ್ತವೆಂದು 1988ರಲ್ಲಿ ಇವರ ತಂಡ ತೋರಿಸಿತು. ಕ್ಯಾನ್ಸರಿಗೆ ಕಾರಣವೆಂದು ಭಾವಿಸಿದ್ದ ಪಿ53 ವಾಸ್ತವವಾಗಿ ಗಡ್ಡೆಯನ್ನು ತಡೆಯುವ ಜೀನ್ ಎಂಬುದಕ್ಕೆ 1989ರಲ್ಲಿ ಮುಖ್ಯ ಆಧಾರ ಒದಗಿಸಿದ್ದೂ ಇದೇ ತಂಡ. ಎರಿಕ್ ಫಿಯರನ್ ಜೊತೆಗೂಡಿ 1990ರಲ್ಲಿ ಮಂಡಿಸಿದ ಹಂತಹಂತದ ಮಾದರಿ ಇಂದಿಗೂ ಪಠ್ಯಪುಸ್ತಕಗಳಲ್ಲಿದೆ.

2006ರಲ್ಲಿ ಇವರ ತಂಡ ಸ್ತನ ಮತ್ತು ಕರುಳಿನ ಗಡ್ಡೆಗಳ ಸುಮಾರು 13,000 ಜೀನ್‌ಗಳ ಅನುಕ್ರಮವನ್ನು ಓದಿತು.

ಒಂದು ಗಡ್ಡೆಯ ಹತ್ತಾರು ಉತ್ಪರಿವರ್ತನೆಗಳಲ್ಲಿ ಅದರ ಬೆಳವಣಿಗೆಯನ್ನು ನಡೆಸುವ 'ಚಾಲಕ' ಬದಲಾವಣೆಗಳು ಸಾಮಾನ್ಯವಾಗಿ ಎರಡರಿಂದ ಎಂಟು ಮಾತ್ರ ಎಂಬುದು ಇವರ ತಂಡದ 2013ರ ಸಮೀಕ್ಷೆಯ ತೀರ್ಮಾನ. ಚಿಕಿತ್ಸೆಯ ಗುರಿಯನ್ನು ಹುಡುಕುವವರಿಗೆ ಇದು ಅಮೂಲ್ಯ. ಅದೇ ವರ್ಷ ಜೀವವಿಜ್ಞಾನದ ಮೊದಲ ಬ್ರೇಕ್‌ಥ್ರೂ ಪ್ರಶಸ್ತಿ ಪಡೆದವರಲ್ಲಿ ಇವರೊಬ್ಬರು.